ಸಿಮೆಂಟ್ ಶೀಟ್ ಕತ್ತರಿಸುವಾಗ ಏಳುವ ಧೂಳು: 30 ವರ್ಷದ ಮೇಲೆ ಬರುವ ಕಾಯಿಲೆಗೆ ಇವತ್ತೇ ಬೇಕು ಎಚ್ಚರ

ಗಾಳಿ-ಮಳೆ ಬಂದು ಹೋದ ಮರುದಿನ ತಾಲ್ಲೂಕಿನ ಯಾವ ಊರಲ್ಲೂ ಶೀಟ್ ಕೆಲಸದವರಿಗೆ ಬಿಡುವಿರುವುದಿಲ್ಲ. ಹಾರಿಹೋದ ಶೀಟು ತರಬೇಕು, ಒಡೆದದ್ದು ಇಳಿಸಬೇಕು, ಹೊಸದನ್ನು ಅಳತೆಗೆ ಕೊಯ್ಯಬೇಕು, ಬೋಲ್ಟ್‌ಗೆ ತೂತು ಹೊಡೆಯಬೇಕು. ಗ್ರೈಂಡರ್ ಓಡಿದರೆ ಎರಡೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮೈಮೇಲೆಲ್ಲ ಬಿಳಿ ಧೂಳು. ಟವೆಲ್‌ನಿಂದ ಮುಖ ಒರೆಸಿಕೊಂಡು ಮುಂದಿನ ಶೀಟಿಗೆ ಕೈ ಹಾಕುತ್ತಾರೆ. ಕೇಳಿದರೆ ‘ಇಷ್ಟು ವರ್ಷದಿಂದ ಮಾಡ್ತಿದೀವಿ, ಏನೂ ಆಗಿಲ್ಲ’ ಅನ್ನುತ್ತಾರೆ.

ಅವರ ಮಾತು ಸುಳ್ಳಲ್ಲ. ಇಷ್ಟು ದಿನ ಏನೂ ಆಗಿಲ್ಲದೇ ಇರಬಹುದು. ಆದರೆ ಈ ಧೂಳಿನ ಸ್ವಭಾವವೇ ಹಾಗೆ. ಒಳಗೆ ಹೋದ ದಿನ ಏನನ್ನೂ ಮಾಡುವುದಿಲ್ಲ, ಇಪ್ಪತ್ತು, ಮೂವತ್ತು, ಕೆಲವು ಸಲ ನಲವತ್ತು ವರ್ಷದ ಮೇಲೆ ಕಾಯಿಲೆಯಾಗಿ ಹೊರಬರುತ್ತದೆ. ಅಷ್ಟರಲ್ಲಿ ಕೆಲಸ ಕೊಟ್ಟ ಮೇಸ್ತ್ರಿ ಯಾರು, ಕಟ್ಟಡ ಯಾವುದು ಎನ್ನುವುದೂ ಮರೆತುಹೋಗಿರುತ್ತದೆ.

ಕಲ್ನಾರು ಅಂದರೆ ಏನು?

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ‘ಕಲ್ನಾರು’ ಅನ್ನುತ್ತಾರೆ, ಅಂದರೆ ಕಲ್ಲಿನ ನಾರು. ಹೆಸರೇ ಎಲ್ಲವನ್ನೂ ಹೇಳುತ್ತದೆ. ಇದು ಗಣಿಯಿಂದ ತೆಗೆಯುವ ಖನಿಜ. ಆದರೆ ಬಿಡಿಸಿದರೆ ಹತ್ತಿಯಂತೆ ಎಳೆಎಳೆಯಾಗಿ ಬರುತ್ತದೆ. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಸಿಮೆಂಟ್‌ಗೆ ಬೆರೆಸಿದರೆ ತೆಳ್ಳಗಿನ ಹಾಳೆಗೂ ಗಟ್ಟಿತನ ಬರುತ್ತದೆ. ತಗಡಿಗಿಂತ ಬಿಸಿ ಕಮ್ಮಿ, ಮಳೆಯ ಸದ್ದು ಕಮ್ಮಿ, ಬೆಲೆಯೂ ಕೈಗೆಟುಕುವಷ್ಟು. ಹಾಗಾಗಿಯೇ ಮನೆ, ಅಂಗಡಿ ಮುಂದಿನ ಚಪ್ಪರ, ಕೋಳಿ ಫಾರಂ, ರೇಷ್ಮೆ ಹುಳು ಮನೆ, ಗೋದಾಮು ಎಲ್ಲ ಕಡೆ ಈ ಶೀಟು ಕೂತಿದೆ.

ಕಲ್ನಾರಿನಲ್ಲಿ ಬಿಳಿ, ನೀಲಿ, ಕಂದು ಎಂದು ಮುಖ್ಯವಾಗಿ ಮೂರು ಬಗೆ ಬಳಕೆಯಲ್ಲಿದ್ದವು. ಈಗ ಭಾರತದಲ್ಲಿ ಶೀಟ್ ಮಾಡಲು ಬಳಸುವುದು ಬಿಳಿ ಕಲ್ನಾರು, ಅಂದರೆ ಕ್ರೈಸೋಟೈಲ್. ಒಂದು ಶೀಟಿನ ತೂಕದಲ್ಲಿ ಹೆಚ್ಚುಕಮ್ಮಿ ಹತ್ತನೇ ಒಂದು ಭಾಗ ಈ ನಾರು ಇರುತ್ತದೆ. ಉಳಿದದ್ದು ಸಿಮೆಂಟ್, ಹಾರುಬೂದಿ ಇತ್ಯಾದಿ.

ಕಲ್ನಾರಿನ ನಿಕ್ಷೇಪ ದೇಶದಲ್ಲಿ ರಾಜಸ್ಥಾನ ಬಿಟ್ಟರೆ ಕರ್ನಾಟಕದಲ್ಲೇ ಹೆಚ್ಚು. ಆದರೆ ಕಾರ್ಮಿಕರ ಆರೋಗ್ಯದ ಕಾರಣಕ್ಕೆ 1986ರಲ್ಲೇ ಕೇಂದ್ರ ಸರ್ಕಾರ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು. ಈಗ ಶೀಟಿಗೆ ಬೇಕಾದ ನಾರು ರಷ್ಯಾ, ಕಜಕಸ್ತಾನ, ಬ್ರೆಜಿಲ್‌ನಂಥ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಇದರಲ್ಲಿ ಬ್ರೆಜಿಲ್ ತನ್ನ ದೇಶದೊಳಗೆ ಕಲ್ನಾರಿನ ಬಳಕೆಯನ್ನು 2017ರಲ್ಲೇ ನಿಷೇಧಿಸಿದೆ. ರಫ್ತು ಮಾತ್ರ ಆಮೇಲೂ ಮುಂದುವರಿಯಿತು.

ಶೀಟಿನ ಕೆಳಗೆ ವಾಸ ಮಾಡಿದರೆ ಅಪಾಯವೇ?

ಮೊದಲು ಈ ಭಯ ಬಿಡಿಸಬೇಕು. ಒಡೆಯದೆ, ಪುಡಿಯಾಗದೆ ಛಾವಣಿ ಮೇಲೆ ಸುಮ್ಮನೆ ಕೂತಿರುವ ಶೀಟಿನಲ್ಲಿ ನಾರು ಸಿಮೆಂಟ್ ಜೊತೆ ಕಚ್ಚಿಕೊಂಡಿರುತ್ತದೆ. ಅದರ ಕೆಳಗೆ ಮಲಗಿದ ಮಾತ್ರಕ್ಕೆ ನಾಳೆಯೇ ಮನೆ ಬಿಡಬೇಕಾಗಿಲ್ಲ. ಗಾಬರಿಬಿದ್ದು ಒಣ ಶೀಟನ್ನು ಒಡೆದು ಕೆಡವಿಸಿದರೆ ಅದರಿಂದಲೇ ಹೆಚ್ಚು ತೊಂದರೆ.

ಅಪಾಯ ಶುರುವಾಗುವುದು ಆ ಕಚ್ಚು ಬಿಟ್ಟಾಗ. ಗ್ರೈಂಡರ್‌ನಲ್ಲಿ ಕೊಯ್ದಾಗ, ಡ್ರಿಲ್ ಹೊಡೆದಾಗ, ಸುತ್ತಿಗೆಯಿಂದ ಒಡೆದಾಗ, ಮೇಲಿಂದ ಕೆಳಕ್ಕೆ ಎಸೆದಾಗ, ಪಾಚಿ ತೆಗೆಯಲು ತಂತಿ ಬ್ರಷ್ ಹಾಕಿ ಉಜ್ಜಿದಾಗ, ಒಡೆದ ಚೂರಿನ ಮೇಲೆ ವಾಹನ ಓಡಾಡಿದಾಗ ನಾರು ಬಿಡುಗಡೆಯಾಗುತ್ತದೆ. ಹತ್ತಾರು ವರ್ಷ ಬಿಸಿಲು ಮಳೆ ತಿಂದು ಮೇಲ್ಮೈ ಪುಡಿಪುಡಿಯಾದ ಹಳೇ ಶೀಟನ್ನು ಹೊಸದಕ್ಕಿಂತ ಹೆಚ್ಚು ಜೋಪಾನವಾಗಿ ಮುಟ್ಟಬೇಕು.

ಈ ಎಳೆಗಳು ತಲೆಗೂದಲಿಗಿಂತ ನೂರಾರು ಪಟ್ಟು ತೆಳು. ಕಣ್ಣಿಗೆ ಕಾಣುವ ಬಿಳಿ ಧೂಳು ಕೆಳಗೆ ಕೂತ ಮೇಲೂ, ಕಾಣದ ಎಳೆಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತವೆ. ವಾಸನೆಯಿಲ್ಲ, ಗಂಟಲು ಉರಿಯುವುದಿಲ್ಲ. ಸಿಮೆಂಟ್ ಧೂಳಿಗೆ ಕೆಮ್ಮು ಬಂದೀತು, ನಾರು ಒಳಗೆ ಹೋದದ್ದು ಮಾತ್ರ ಗೊತ್ತೇ ಆಗುವುದಿಲ್ಲ.

ದೇಹದೊಳಗೆ ಏನಾಗುತ್ತದೆ?

ಮಾಮೂಲಿ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. ಮಿಕ್ಕಿದ್ದು ಕಫದಲ್ಲಿ ಹೊರಬರುತ್ತದೆ. ಸೂಜಿಯಂಥ ಕಲ್ನಾರಿನ ಎಳೆ ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ದೇಹದ ರಕ್ಷಣಾ ಕೋಶಗಳು ಅದನ್ನು ನುಂಗಿ ಕರಗಿಸಲು ನೋಡುತ್ತವೆ. ಉದ್ದನೆಯ ಎಳೆ ಅವಕ್ಕೆ ದಕ್ಕುವುದಿಲ್ಲ. ಆ ಜಾಗದಲ್ಲಿ ವರ್ಷಗಟ್ಟಲೆ ಉರಿಯೂತ ನಡೆದು ಗಾಯ, ಕಲೆ ಉಳಿಯುತ್ತದೆ. ಇದರಿಂದ ಬರುವ ಮುಖ್ಯ ಕಾಯಿಲೆಗಳು ಇವು:

- ಆಸ್ಬೆಸ್ಟೋಸಿಸ್: ಶ್ವಾಸಕೋಶ ಗಟ್ಟಿಯಾಗಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಮೊದಲು ಮೆಟ್ಟಿಲು ಹತ್ತುವಾಗ ಏದುಸಿರು, ಆಮೇಲೆ ಸಮತಟ್ಟಾದ ದಾರಿಯಲ್ಲೂ ಏದುಸಿರು. ಒಣ ಕೆಮ್ಮು. ಕೆಲವರಿಗೆ ಬೆರಳಿನ ತುದಿ ಉಬ್ಬುತ್ತದೆ. ಆದ ಗಾಯವನ್ನು ವಾಸಿ ಮಾಡುವ ಔಷಧಿ ಇಲ್ಲ. ಉಸಿರಾಟ ಸುಲಭ ಮಾಡುವ ಚಿಕಿತ್ಸೆ ಮಾತ್ರ ಕೊಡಬಹುದು.
- ಶ್ವಾಸಕೋಶದ ಕ್ಯಾನ್ಸರ್: ಕಲ್ನಾರಿನಿಂದ ಸಾಯುವವರಲ್ಲಿ ದೊಡ್ಡ ಪಾಲು ಇದರದ್ದು.
- ಮೀಸೋಥೀಲಿಯೋಮಾ: ಶ್ವಾಸಕೋಶದ ಅಥವಾ ಹೊಟ್ಟೆಯ ಒಳಪೊರೆಗೆ ಬರುವ ಕ್ಯಾನ್ಸರ್. ಬೇರೆ ಕಾರಣಕ್ಕೆ ಬರುವುದು ಅಪರೂಪ. ಹೆಚ್ಚಾಗಿ 20ರಿಂದ 50 ವರ್ಷದ ನಂತರ ಕಾಣಿಸಿಕೊಳ್ಳುತ್ತದೆ. ಗೊತ್ತಾಗುವಷ್ಟರಲ್ಲಿ ಬಹುತೇಕ ತಡವಾಗಿರುತ್ತದೆ.
- ಗಂಟಲಿನ ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರ್: ಇವಕ್ಕೂ ಕಲ್ನಾರು ಕಾರಣ ಎಂಬುದು ಸಾಬೀತಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಕೆಲಸದ ಜಾಗದ ಕಲ್ನಾರಿನಿಂದಾಗಿ ಪ್ರಪಂಚದಾದ್ಯಂತ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. ಕೆಲಸದಿಂದ ಬರುವ ಕ್ಯಾನ್ಸರ್ ಸಾವುಗಳಲ್ಲಿ ಶೇ 70ಕ್ಕೂ ಹೆಚ್ಚು ಇದರದ್ದೇ. ಬಿಳಿ ಕಲ್ನಾರು ಸಿಮೆಂಟಿನಲ್ಲಿ ಬೆರೆತಿರುವುದರಿಂದ ಸುರಕ್ಷಿತ ಎಂದು ಉದ್ಯಮದವರು ಹೇಳುತ್ತಾರೆ. ಬಿಳಿಯೂ ಸೇರಿ ಎಲ್ಲ ಬಗೆಯ ಕಲ್ನಾರು ಕ್ಯಾನ್ಸರ್ ತರುತ್ತದೆ, ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಮಟ್ಟ ಯಾವುದೂ ಗೊತ್ತಿಲ್ಲ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಬೀಡಿ ಸೇದುವವರಿಗೆ ಇನ್ನೂ ಕಷ್ಟ

ಅಮೆರಿಕದಲ್ಲಿ ಕಲ್ನಾರಿನ ಕೆಲಸ ಮಾಡುತ್ತಿದ್ದ ಕಾರ್ಮಿಕರ ಬಗ್ಗೆ 1979ರಲ್ಲಿ ಒಂದು ಪ್ರಸಿದ್ಧ ಅಧ್ಯಯನ ಪ್ರಕಟವಾಯಿತು. ಧೂಮಪಾನವೂ ಇಲ್ಲದ, ಕಲ್ನಾರಿನ ಕೆಲಸವೂ ಮಾಡದ ಒಬ್ಬರಿಗೆ ಹೋಲಿಸಿದರೆ, ಕಲ್ನಾರಿನ ಕೆಲಸ ಮಾತ್ರ ಮಾಡಿದವರು ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಸಾಧ್ಯತೆ ಸುಮಾರು 5 ಪಟ್ಟು. ಸಿಗರೇಟು ಮಾತ್ರ ಸೇದುವವರಿಗೆ ಸುಮಾರು 10 ಪಟ್ಟು. ಎರಡೂ ಇದ್ದವರಿಗೆ 50 ಪಟ್ಟು ದಾಟಿತ್ತು. ಹಾಗಾಗಿ ಶೀಟ್ ಕೆಲಸ ಬಿಡಲಾಗದವರು ಬೀಡಿ-ಸಿಗರೇಟನ್ನಾದರೂ ಬಿಟ್ಟರೆ ಅಪಾಯ ಬಹಳ ಇಳಿಯುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಇದು ಹೊಸ ಸುದ್ದಿ ಅಲ್ಲ, 100 ವರ್ಷ ಹಳೆಯದು

ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕಲ್ನಾರು ಕಾರ್ಖಾನೆಯಲ್ಲಿ ದುಡಿದಿದ್ದ ನೆಲ್ಲಿ ಕೆರ್ಶಾ ಎಂಬ ಮಹಿಳೆ 1924ರಲ್ಲಿ ತೀರಿಕೊಂಡಾಗ ವಯಸ್ಸು 33. ಸಾವಿಗೆ ಕಲ್ನಾರಿನ ಧೂಳೇ ಕಾರಣ ಎಂದು ವೈದ್ಯರು ಬರೆದರು. ಮುಂದೆ ಅಲ್ಲಿನ ಸರ್ಕಾರ ತನಿಖೆ ನಡೆಸಿ 1931ರಲ್ಲಿ ಕಾರ್ಖಾನೆಗಳಿಗೆ ಧೂಳು ನಿಯಂತ್ರಣದ ನಿಯಮ ತಂದಿತು. 1960ರಲ್ಲಿ ದಕ್ಷಿಣ ಆಫ್ರಿಕಾದ ನೀಲಿ ಕಲ್ನಾರು ಗಣಿ ಪ್ರದೇಶದಿಂದ 33 ಮೀಸೋಥೀಲಿಯೋಮಾ ಪ್ರಕರಣಗಳ ವರದಿ ಬಂತು. ಅದರಲ್ಲಿ ಗಣಿಗೆ ಇಳಿಯದೇ ಹತ್ತಿರದಲ್ಲಿ ಬಾಳಿದವರೂ ಇದ್ದರು.

ಬ್ರಿಟನ್ ಬಿಳಿ ಕಲ್ನಾರನ್ನೂ 1999ರಲ್ಲಿ ನಿಷೇಧಿಸಿತು. ಆದರೂ ಇಷ್ಟು ವರ್ಷಗಳ ನಂತರವೂ ಅಲ್ಲಿ ಮೀಸೋಥೀಲಿಯೋಮಾದಿಂದ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. ಇವರಲ್ಲಿ ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್ ತರಹದ ಕಟ್ಟಡ ಕೆಲಸದವರು ಬಹಳ. ನಿಷೇಧ ಬಂದರೂ ಹಿಂದೆ ಒಳಗೆ ಹೋದ ಧೂಳು ಲೆಕ್ಕ ಚುಕ್ತಾ ಮಾಡದೆ ಬಿಡುವುದಿಲ್ಲ ಎನ್ನಲು ಇದೇ ಉದಾಹರಣೆ. ಇವತ್ತು 50ಕ್ಕೂ ಹೆಚ್ಚು ದೇಶಗಳಲ್ಲಿ ಕಲ್ನಾರಿಗೆ ನಿಷೇಧವಿದೆ. ಅಮೆರಿಕ ಬಿಳಿ ಕಲ್ನಾರಿನ ವಿರುದ್ಧ ನಿಷೇಧದ ಆದೇಶ ಹೊರಡಿಸಿದ್ದು 2024ರಲ್ಲಿ. ಭಾರತದಲ್ಲಿ ಬಿಳಿ ಕಲ್ನಾರಿನ ಶೀಟ್ ಮಾಡುವುದು, ಮಾರುವುದು ಕಾನೂನುಬದ್ಧ.

ಕೆಲಸ ಮಾಡುವಾಗ ಏನು ಮಾಡಬೇಕು?

ಎಲ್ಲಕ್ಕಿಂತ ಮುಖ್ಯ ಮಾತು ಒಂದೇ: ಒಣ ಶೀಟಿಗೆ ಗ್ರೈಂಡರ್ ಬೇಡ. ಧೂಳು ಎದ್ದ ಮೇಲೆ ತಡೆಯುವುದು ಕಷ್ಟ, ಏಳದ ಹಾಗೆ ನೋಡಿಕೊಳ್ಳುವುದು ಸುಲಭ.

1. ಅಳತೆ ಮೊದಲೇ ಹೊಂದಿಸಿ. ಶೀಟ್ ಬೇರೆಬೇರೆ ಉದ್ದದಲ್ಲಿ ಸಿಗುತ್ತದೆ. ಪೈಪು, ರೀಪು ಕೂರಿಸುವಾಗಲೇ ಶೀಟಿನ ಅಳತೆ ನೋಡಿಕೊಂಡರೆ ಕೊಯ್ಯುವ ಕೆಲಸವೇ ಕಮ್ಮಿಯಾಗುತ್ತದೆ.
2. ನೆನೆಸಿ ಕೊಯ್ಯಿರಿ. ಸ್ವಲ್ಪ ಸೋಪಿನ ನೀರು ಚಿಮುಕಿಸಿ, ಕೈ ಗರಗಸದಲ್ಲಿ ನಿಧಾನವಾಗಿ ಕೊಯ್ಯಿರಿ. ತೂತಿಗೂ ಕೈ ಡ್ರಿಲ್ ಒಳ್ಳೆಯದು. ವಿದ್ಯುತ್ ಉಪಕರಣ ಒದ್ದೆ ಜಾಗದಲ್ಲಿ ಬೇಡ, ಶಾಕ್ ಹೊಡೆದೀತು.
3. ಬಯಲಲ್ಲಿ, ನೆಲದ ಮೇಲೆ ಕೊಯ್ಯಿರಿ. ಅಂಗಡಿಯೊಳಗೆ, ಜನ ಓಡಾಡುವ ಜಾಗದಲ್ಲಿ ಬೇಡ. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಕೊಡಿ. ಮಕ್ಕಳು, ಹೆಲ್ಪರ್‌ಗಳು ದೂರ ಇರಲಿ.
4. ಇಳಿಸುವಾಗ ಒಡೆಯಬೇಡಿ. ಬೋಲ್ಟ್ ಬಿಚ್ಚಿ ಇಡೀ ಶೀಟು ಇಳಿಸಿ. ಮೇಲಿಂದ ಎಸೆಯಬೇಡಿ, ಹಗ್ಗ ಕಟ್ಟಿ ಇಳಿಸಿ.
5. ಶೀಟಿನ ಮೇಲೆ ನೇರ ಕಾಲಿಡಬೇಡಿ. ಹಳೇ ಶೀಟು ಗಟ್ಟಿ ಇದ್ದಂತೆ ಕಂಡರೂ ಮುರಿದು ಕೆಳಗೆ ಬಿದ್ದು ಜೀವ ಹೋಗುವುದುಂಟು. ಹಲಗೆ ಹಾಸಿ, ಸೊಂಟಕ್ಕೆ ಬೆಲ್ಟ್ ಕಟ್ಟಿ.
6. ಟವೆಲ್ ಮಾಸ್ಕ್ ಅಲ್ಲ. ಮೂಗಿಗೆ ಕಟ್ಟಿದ ಬಟ್ಟೆಯಲ್ಲಾಗಲಿ, ಸರ್ಜಿಕಲ್ ಮಾಸ್ಕ್‌ನಲ್ಲಾಗಲಿ ಈ ಎಳೆ ನಿಲ್ಲುವುದಿಲ್ಲ. ಎಫ್‌ಎಫ್‌ಪಿ3 ಅಥವಾ ಪಿ100 ಎಂದು ಬರೆದಿರುವ ಮಾಸ್ಕ್ ಬೇಕು. ಮುಖಕ್ಕೆ ಸಂದಿಲ್ಲದೆ ಕೂರಬೇಕು. ಗಡ್ಡ ಇದ್ದರೆ ಸರಿಯಾಗಿ ಕೂರುವುದಿಲ್ಲ.
7. ಒಣ ಪೊರಕೆ ಬೇಡ. ಪುಡಿಯನ್ನು ನೀರು ಹಾಕಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಿರಿ. ಮೈಮೇಲಿನ ಧೂಳನ್ನು ಪೈಪಿನ ಗಾಳಿಯಿಂದ ಹೊಡೆಸಿಕೊಳ್ಳಬೇಡಿ.

ಧೂಳು ಮನೆಗೆ ಹೋಗದಿರಲಿ

ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದ ಹೆಂಡತಿಗೆ, ಅಪ್ಪನ ತೊಡೆ ಮೇಲೆ ಕೂತ ಮಗುವಿಗೆ ಮುಂದೆ ಇದೇ ಕಾಯಿಲೆ ಬಂದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಹಾಗಾಗಿ ಕೆಲಸದ ಬಟ್ಟೆ ಬೇರೆ ಇರಲಿ. ಕೆಲಸದ ಜಾಗದಲ್ಲೇ ಬದಲಿಸಿ, ಚೀಲದಲ್ಲಿ ಕಟ್ಟಿ ತನ್ನಿ. ಕೊಡವದೆ ಸೀದಾ ನೀರಿನಲ್ಲಿ ನೆನೆಸಿ. ಬೇರೆ ಬಟ್ಟೆ ಜೊತೆ ಸೇರಿಸಬೇಡಿ. ತಲೆಗೂ ನೀರು ಹಾಕಿ ಸ್ನಾನ ಮಾಡಿದ ಮೇಲೆ ಮಕ್ಕಳನ್ನು ಎತ್ತಿಕೊಳ್ಳಿ.

ಒಡೆದ ಶೀಟು ಎಲ್ಲಿ ಹಾಕಬೇಕು?

ಒಡೆದ ಚೂರನ್ನು ಅಂಗಳದ ಗುಂಡಿಗೆ, ರಸ್ತೆ ಕೆಸರಿಗೆ ತುಂಬುವುದು ಊರೂರಲ್ಲಿ ಇರುವ ರೂಢಿ. ಗಾಡಿ ಓಡಾಡಿದಂತೆ ಅದು ದಿನಾ ಪುಡಿಯಾಗುತ್ತದೆ. ಒಲೆಗೆ ಗಾಳಿ ತಡೆಯಲು ಶೀಟು ನಿಲ್ಲಿಸುವುದೂ ಬೇಡ, ಜೋರು ಬೆಂಕಿಗೆ ಅದು ಪಟಪಟ ಸಿಡಿಯುತ್ತದೆ.

ಚೂರುಗಳನ್ನು ನೆನೆಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಕಟ್ಟಿ, ‘ಆಸ್ಬೆಸ್ಟಾಸ್’ ಎಂದು ಮೇಲೆ ಬರೆಯಿರಿ. ಮಾಮೂಲಿ ಕಸದ ಗಾಡಿಗೆ ಹಾಕಬೇಡಿ. ಎಲ್ಲಿಗೆ ಕೊಡಬೇಕೆಂದು ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಮೊದಲು ಕೇಳಿ. ಇಡೀ ಗೋದಾಮು, ಕಾರ್ಖಾನೆಯ ಛಾವಣಿ ಕೆಡವುವವರು ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿಯೇ ಕೆಲಸ ಶುರು ಮಾಡುವುದು ಒಳ್ಳೆಯದು.

ಅಂಗಡಿಯವರು, ಕೆಲಸ ಮಾಡಿಸುವವರು ಗಮನಿಸಿ

- ಹಾರ್ಡ್‌ವೇರ್ ಅಂಗಡಿಯವರು ಗಿರಾಕಿಗೆ ಶೀಟು ಯಾವುದೆಂದು ಸ್ಪಷ್ಟವಾಗಿ ಹೇಳಿ. ಶೀಟಿನ ಮೇಲೆ ‘ಐಎಸ್ 459’ ಎಂದಿದ್ದರೆ ಅದು ಕಲ್ನಾರಿನ ಸಿಮೆಂಟ್ ಶೀಟು. ಕಲ್ನಾರು ಇಲ್ಲದ ಫೈಬರ್ ಸಿಮೆಂಟ್ ಶೀಟೂ ಮಾರುಕಟ್ಟೆಯಲ್ಲಿದೆ. ಕಣ್ಣಳತೆಯಲ್ಲಿ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಅಚ್ಚು ಓದಬೇಕು.
- ಗಿರಾಕಿ ಕೇಳಿದನೆಂದು ಅಂಗಡಿ ಮುಂದೆಯೇ ಶೀಟು ಕೊಯ್ದುಕೊಡಬೇಡಿ. ದಿನಕ್ಕೆ ನಾಲ್ಕು ಶೀಟು ಕೊಯ್ದರೆ ಆ ಧೂಳು ತಿನ್ನುವುದು ಅಂಗಡಿಯ ಹುಡುಗ, ಪಕ್ಕದ ಹೋಟೆಲು, ಗಲ್ಲಾ ಮೇಲೆ ಕೂತ ಮಾಲೀಕ.
- ಶೀಟಿನ ಜೊತೆ ಸರಿಯಾದ ಮಾಸ್ಕ್ ಕೂಡ ಇಟ್ಟು ಮಾರಿ.
- ಹಳೇ ಅಂಗಡಿ ರಿಪೇರಿ ಮಾಡಿಸುವ ಮಾಲೀಕರು ಮಾಸ್ಕ್, ನೀರು, ಹಲಗೆಯ ಖರ್ಚನ್ನು ಮೊದಲೇ ಮಾತಾಡಿಕೊಳ್ಳಿ. ‘ಇವತ್ತೇ ಮುಗಿಸಿ’ ಎಂದು ಅವಸರ ಮಾಡಿದರೆ ಕಾರ್ಮಿಕನ ಕೈ ಗ್ರೈಂಡರ್‌ಗೇ ಹೋಗುತ್ತದೆ.
- ಹೊಸದಾಗಿ ಹಾಕಿಸುವವರಿಗೆ ಬಣ್ಣದ ತಗಡು, ಮಂಗಳೂರು ಹೆಂಚು, ಕಲ್ನಾರು ರಹಿತ ಶೀಟು ಇವೆ. ತಗಡಿನ ಕೆಳಗೆ ಬಿಸಿ ಹೆಚ್ಚು, ಹೆಂಚಿಗೆ ಮರದ ಖರ್ಚು ಜಾಸ್ತಿ. ಆದರೂ ಮುಂದೆ ತೆಗೆಸುವಾಗಿನ ತಲೆನೋವು ಇರುವುದಿಲ್ಲ. ಕಲ್ನಾರು ರಹಿತ ಶೀಟನ್ನೂ ನೆನೆಸಿಯೇ ಕೊಯ್ಯಬೇಕು, ಸಿಮೆಂಟ್-ಮರಳಿನ ಸಣ್ಣ ಧೂಳೂ ಶ್ವಾಸಕೋಶಕ್ಕೆ ಕೇಡು.

ಡಾಕ್ಟರ ಹತ್ತಿರ ಏನು ಹೇಳಬೇಕು?

ಏದುಸಿರು, ಬಿಡದ ಒಣ ಕೆಮ್ಮು, ಎದೆನೋವು, ತೂಕ ಇಳಿಯುವುದು ಕಂಡರೆ ಮೊದಲ ಅನುಮಾನ ಹೋಗುವುದು ಟಿಬಿ ಅಥವಾ ಆಸ್ತಮಾ ಕಡೆಗೆ. ಕಫ ಪರೀಕ್ಷೆ ಮಾಡಿಸಲೇಬೇಕು. ಆದರೆ ಔಷಧಿ ತಗೊಂಡರೂ ಗುಣ ಕಾಣದಿದ್ದರೆ ಅಲ್ಲಿಗೇ ಬಿಡಬಾರದು. ‘ಇಂಥಿಷ್ಟು ವರ್ಷ ಸಿಮೆಂಟ್ ಶೀಟ್ ಕೊಯ್ದಿದ್ದೇನೆ’ ಎಂದು ರೋಗಿಯೇ ಬಾಯಿಬಿಟ್ಟು ಹೇಳಬೇಕು, ಚೀಟಿಯಲ್ಲಿ ಬರೆಸಬೇಕು. ಕೇವಲ ‘ಕೂಲಿ’ ಎಂದು ಬರೆದರೆ ಮುಂದಿನ ಡಾಕ್ಟರಿಗೂ ಸುಳಿವು ಸಿಗುವುದಿಲ್ಲ.

ಎದೆ ಎಕ್ಸ್-ರೇ, ಊದಿ ಮಾಡುವ ಉಸಿರಾಟ ಪರೀಕ್ಷೆ, ಬೇಕಿದ್ದರೆ ಸಿಟಿ ಸ್ಕ್ಯಾನ್‌ನಿಂದ ತಿಳಿಯುತ್ತದೆ. ಮೊದಲು ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿಂದ ಮುಂದಕ್ಕೆ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಕ್ಯಾನ್ಸರ್‌ಗೆ ಕಿದ್ವಾಯಿ ಸಂಸ್ಥೆ ಇವೆ.

ಪರಿಹಾರ ಸಿಗುತ್ತದೆಯೇ?

1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ದೊಡ್ಡ ತೀರ್ಪು ಕೊಟ್ಟಿತು. ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಎಂದಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇದರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕು ಎಂದು ಕಲ್ನಾರು ಉದ್ಯಮಕ್ಕೆ ಆದೇಶಿಸಿತು. ಆಸ್ಬೆಸ್ಟೋಸಿಸ್ ಕಾನೂನಿನ ವೃತ್ತಿ ರೋಗಗಳ ಪಟ್ಟಿಯಲ್ಲೂ ಇದೆ. ಅಂದರೆ ಕೆಲಸದಿಂದಲೇ ಬಂತು ಎಂದು ತೋರಿಸಿದರೆ ಪರಿಹಾರ ಕೇಳಲು ದಾರಿ ಇದೆ. ಇಎಸ್‌ಐ ಇದ್ದವರು ಅಲ್ಲಿಯೇ ಕೇಳಬೇಕು.

ತೊಡಕಿರುವುದು ‘ತೋರಿಸಿದರೆ’ ಎನ್ನುವ ಮಾತಿನಲ್ಲಿ. ಶೀಟ್ ತಯಾರಿಸುವ ಕಾರ್ಖಾನೆಯವರಿಗೆ ಹಾಜರಿ ಪುಸ್ತಕ ಇರುತ್ತದೆ. ದಿನಕ್ಕೊಂದು ಕಡೆ ಶೀಟ್ ಕೊಯ್ಯುವ ಕೂಲಿಯವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಮೂವತ್ತು ವರ್ಷದ ಮೇಲೆ ಕಾಯಿಲೆ ಬಂದರೆ ಯಾರನ್ನು ಕೇಳುವುದು?

ಇದಕ್ಕೆ ಈಗಲೇ ಮಾಡಿಕೊಳ್ಳಬಹುದಾದ ಕೆಲಸ ಎರಡು. ಒಂದು, ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಾಯಿಸಬಹುದು. ದೊಡ್ಡ ಕಾಯಿಲೆಗಳ ಚಿಕಿತ್ಸೆಗೆ ಮಂಡಳಿಯಲ್ಲಿ ಸಹಾಯಧನವಿದೆ. ವಿವರಕ್ಕೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿ ಅಥವಾ ಕಾರ್ಮಿಕ ಸಹಾಯವಾಣಿ 155214. ಕಾರ್ಡ್ ಇದ್ದವರು ನವೀಕರಣ ತಪ್ಪಿಸಬೇಡಿ.

ಎರಡು, ಒಂದು ನೋಟ್‌ಬುಕ್. ಯಾವ ದಿನ, ಯಾವ ಊರು, ಯಾರ ಕಟ್ಟಡ, ಯಾವ ಮೇಸ್ತ್ರಿ, ಎಷ್ಟು ಶೀಟು, ಹೊಸದೋ ಹಳೇದೋ ಇಷ್ಟು ಬರೆದಿಡಿ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ, ಮೊಬೈಲ್‌ನಲ್ಲಿ ಒಂದು ಫೋಟೋ ಇಟ್ಟುಕೊಳ್ಳಿ. ಎಕ್ಸ್-ರೇ, ಆಸ್ಪತ್ರೆ ಚೀಟಿ ಎಸೆಯದೆ ಅದರ ಜೊತೆಗೇ ಇಡಿ. ಮುಂದೆ ಡಾಕ್ಟರು ‘ಏನು ಕೆಲಸ ಮಾಡ್ತಿದ್ರಿ?’ ಎಂದು ಕೇಳಿದಾಗ ತೋರಿಸಲು ಕೈಯಲ್ಲಿ ಇರುವುದು ಅದೊಂದೇ.